ಸಾಕಷ್ಟು ಹೊಳಪು

ಓದುವ ಕನ್ನಡಕದ ಜೊತೆ ಕಳಿಸಬೇಕೋ, ದೂರದ ಕನ್ನಡಕದ ಜೊತೆಯೋ ಎಂಬ ಪ್ರಶ್ನೆ ಆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅಂತಿಮ ತೀರ್ಮಾನದ ಹಂತ ತಲುಪಿತ್ತು. ಗಡಿ ವಿವಾದಗಳು ಇದಕ್ಕಿಂತ ಕಡಿಮೆ ಗಾಂಭೀರ್ಯದಲ್ಲಿ ಇತ್ಯರ್ಥವಾಗಿವೆ. ವಿದ್ಯುತ್ ಚಿತಾಗಾರದ ಹಜಾರದಲ್ಲಿ, ತೆರೆದ ಪೆಟ್ಟಿಗೆಯ ತಲೆಯ ಕಡೆ ಸತ್ತವರ ತಂಗಿ ಕನ್ನಡಕದ ಡಬ್ಬಿಯೊಂದನ್ನು ಎತ್ತಿ ಹಿಡಿದು ನಿಂತಿದ್ದಳು. ಕಾಲಿನ ಕಡೆ ಹೆಂಡತಿಯ ತಮ್ಮ ಇನ್ನೊಂದು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಅಣ್ಣ ಜೀವಮಾನ ಪೂರ್ತಿ ಮಾಡಿದ್ದು ಓದೋ ಕೆಲಸ. ಓದೋದೇ ಇರ್ಲಿ," ಎಂದಳು ತಂಗಿ.

"ಬಾವ ಈಗ ಹೊರಟಿರೋದು ಹತ್ತಿರಕ್ಕೇನಮ್ಮ? ದೂರದ್ದೇ ಬೇಕು."

"ಇಲ್ಲೂ ತಮಾಷೇನಾ ನಿಮಗೆ?"

"ತಮಾಷೆ ಏನ್ ಬಂತು! ಮೆಟ್ಟಿಲು ಕಾಣದೆ ಮುಗ್ಗರಿಸಿದ್ರೆ ಯಾರು ಹಿಡಿಯೋರು ಅಲ್ಲಿ?" ಎಂದವನ ದನಿ ಕೊನೆಯಲ್ಲಿ ಒಡೆಯಿತು. ಅವನು ಮುಖ ತಿರುಗಿಸಿಕೊಂಡು ಮತ್ತೆ ಒರೆಸತೊಡಗಿದ.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತದೆ ತೀರ್ಪು ಕೊಟ್ಟಳು: "ದೂರದ್ದು ಮುಖಕ್ಕೆ ಹಾಕಿ. ಓದೋದನ್ನ ಡಬ್ಬಿ ಸಮೇತ ಕೋಟಿನ ಒಳಜೇಬಿಗಿಡಿ. ದಿನಾ ಆಫೀಸಿಗೆ ಹೋಗ್ತಿದ್ದಿದ್ದೂ ಹಾಗೇ ಅಲ್ವಾ?"

ಹಾಗೇ ಆಯಿತು. ಚಿತಾಗಾರದ ನೌಕರ ಮುಚ್ಚಳವಿಟ್ಟು ನಾಲ್ಕು ಮೂಲೆಗೂ ತಿರುಪು ಬಿಗಿದ. ಸರದಿ ಬರುವುದು ಮೂರೂವರೆಗೆ, ಅಲ್ಲಿಯವರೆಗೆ ಕೂತಿರಿ ಎಂದ.

ಬಾಗಿಲ ಬಳಿ ಜೀವಕೋಶ ಸಂಶೋಧನೆಯ ಲ್ಯಾಬಿನವಳೊಬ್ಬಳು ನಿಂತು ಗಡಿಯಾರ ನೋಡಿಕೊಂಡಳು. ಅವಳು ಈ ಮನೆಯವರಿಗೆ ನೆಂಟಳಲ್ಲ, ಸತ್ತವರಿಗೆ ಗೆಳತಿಯಲ್ಲ. ಸತ್ತವರ ಮುಖವನ್ನು ಅವಳು ನೋಡಿದ್ದೇ ಅರ್ಧ ಗಂಟೆಯ ಹಿಂದೆ, ಅದೂ ಪೆಟ್ಟಿಗೆಯಲ್ಲಿ. ಆದರೂ ಅಲ್ಲಿ ನೆರೆದವರಲ್ಲಿ ಆ ಮನುಷ್ಯ ಇನ್ನೂ ಮೂರು ಗಂಟೆ ಬದುಕಿರಬೇಕಾಗಿತ್ತು ಎಂದು ಅವಳಷ್ಟು ತೀವ್ರವಾಗಿ ಬಯಸಿದವರು ಇನ್ನೊಬ್ಬರಿರಲಿಲ್ಲ.

*

ಸತ್ತವರು ಪೇಟೆಂಟ್ ಕಚೇರಿಯ ಪರೀಕ್ಷಕರು. ಅಲ್ಲಿ ಅವರಿಗೆ ಎಷ್ಟಪ್ಪ ಎಂದು ಹೆಸರಿತ್ತು. ಇಟ್ಟವರು ಅರ್ಜಿದಾರರ ವಕೀಲರು, ಬಳಸುತ್ತಿದ್ದವರು ಎಲ್ಲರೂ. ಮೂವತ್ತೊಂದು ವರ್ಷ ಅವರು ಬೇರೆಯವರ ಆವಿಷ್ಕಾರಗಳನ್ನು ಓದಿದರು. 'ಸುಮಾರು', 'ಬಹುತೇಕ', 'ತಕ್ಕಮಟ್ಟಿಗೆ' ಎಂಬ ಪದಗಳು ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಅಂಚಿನಲ್ಲಿ 'ಎಷ್ಟು?' ಎಂದು ಬರೆದರು.

ಲ್ಯಾಬಿನವಳ ಅರ್ಜಿಯಲ್ಲಿ ಅಂಥ ಪದ ಒಂದೇ ಇತ್ತು. ಜೀವಕೋಶದೊಳಗಿನ ಒಂದು ಜೀನಿಗೆ ಹೊಳೆಯುವ ಬಣ್ಣ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಕತ್ತಲೆಯಲ್ಲಿ ಮೂಡಿದ ಚುಕ್ಕೆಗಳನ್ನು ಎಣಿಸುವ ವಿಧಾನ ಅವಳದು. ಎರಡು ಚುಕ್ಕೆಯಿದ್ದರೆ ಕೋಶ ಆರೋಗ್ಯವಾಗಿದೆ. ಒಂದೇ ಇದ್ದರೆ ಇಲ್ಲ. ಹಕ್ಕು ಕೇಳುವ ಸಾಲಿನಲ್ಲಿ ಅವಳು ಬರೆದಿದ್ದಳು: ಸಾಕಷ್ಟು ಹೊಳಪಿರುವ ಚುಕ್ಕೆಯನ್ನು ಮಾತ್ರ ಜೀನ್ ಎಂದು ಎಣಿಸತಕ್ಕದ್ದು.

ಸಾಕಷ್ಟು ಅಂದರೆ ಎಷ್ಟು ಎಂದು ಮೊದಲ ಪತ್ರ ಬಂತು. 'ಸ್ಪಷ್ಟವಾಗಿ ಕಾಣುವಷ್ಟು' ಎಂದು ಬದಲಾಯಿಸಿದಳು. ಯಾರ ಕಣ್ಣಿಗೆ ಎಂದು ಎರಡನೆಯ ಪತ್ರ. 'ಪರಿಣತರ ಕಣ್ಣಿಗೆ' ಎಂದಳು. ಪರಿಣತರು ಇಬ್ಬರಿದ್ದು ಜಗಳವಾಡಿದರೆ ಎಂದು ಮೂರನೆಯದು. ನಾಲ್ಕನೆಯದಕ್ಕೆ ಅವಳ ವಕೀಲರು ಹನ್ನೊಂದು ಪುಟ ಉತ್ತರ ಬರೆದರು. ಅದರಲ್ಲಿ ಎಂಟು ಪುಟ ಬೈಗುಳವನ್ನು ಸಭ್ಯವಾಗಿ ಬರೆದದ್ದು. ಒಂಬತ್ತು ವರ್ಷದ ಕೆಲಸ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನೇತಾಡಿತು. ಇನ್ನುಳಿದಿದ್ದು ಒಂದೇ ಉತ್ತರ, ಒಂದೇ ಗಡುವು: ಗುರುವಾರ ಸಂಜೆ ಐದು. ಹೊಸದಾಗಿ ಅರ್ಜಿ ಹಾಕುವ ದಾರಿಯೂ ಇರಲಿಲ್ಲ. ವಿಧಾನದ ಬಗ್ಗೆ ಅವಳೇ ಬರೆದ ಲೇಖನ ಅಚ್ಚಾಗಿತ್ತು. ಈಗ ಅದನ್ನೇ ತೋರಿಸಿ, ಇದು ಹಳೆಯದು ಎಂದುಬಿಡುತ್ತಿದ್ದರು. ಅರ್ಜಿ ಬಿದ್ದರೆ ವಿಧಾನವನ್ನು ತೆಗೆದುಕೊಳ್ಳಲು ಒಪ್ಪಿದ್ದ ಆಸ್ಪತ್ರೆ ಹಿಂದೆ ಸರಿಯುತ್ತದೆ. ಲ್ಯಾಬಿನ ಬಾಗಿಲಿಗೆ ತಿಂಗಳ ಕೊನೆಯಲ್ಲಿ ಬೀಗ.

ಸೋಮವಾರ ಸಂಜೆ ಎಷ್ಟಪ್ಪನವರ ಫೋನು ಬಂತು. ವಕೀಲರಿಗಲ್ಲ, ನೇರ ಅವಳಿಗೇ.

"ಮೇಡಂ, ನಿಮ್ಮ ಇನ್ನೂರ ಹನ್ನೆರಡು ಪುಟಾನೂ ಇವತ್ತು ಮೊದಲಿಂದ ಓದಿದೆ. ನೀವು ಓದಿದೀರಾ?"

"ಬರೆದಿದ್ದೇ ನಾನು!"

"ಬರೆದೋರು ಓದೋದು ಕಡಿಮೆ. ಎಷ್ಟು ಅನ್ನೋದು ನಿಮ್ಮ ಬರಹದಲ್ಲೇ ಇದೆ. ನೀವೇ ಅಳೆದಿದೀರಿ, ಅಳೆದು ಮರೆತಿದೀರಿ. ಒಂದು ವಾಕ್ಯ ಬರೆದುಕೊಂಡಿದೀನಿ. ನಾಳೆ ಬೆಳಿಗ್ಗೆ ಹೇಳ್ತೀನಿ."

"ಈಗಲೇ ಹೇಳಿಬಿಡಿ ಸಾರ್, ನಿಮ್ಮ ದಮ್ಮಯ್ಯ."

"ಬೇಡ. ಒಂದು ರಾತ್ರಿ ಮಲಗಲಿ ಅದು," ಎಂದು ಅವರು ನಕ್ಕು ಫೋನಿಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವರು ತೀರಿಕೊಂಡರು. ಅಂದಿನಿಂದ ಅವಳೂ ವಕೀಲರೂ ಸರದಿಯಲ್ಲಿ ಆ ಪುಟಗಳನ್ನು ಜಾಲಾಡಿದರು. ಅಳತೆಗಳು ಸಾವಿರಾರಿದ್ದವು. ಅವುಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಯಾವುದು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

*

ದೂರದ ನೆಂಟರಿಗಾಗಿ ಗುರುವಾರಕ್ಕೆ ನಿಂತಿದ್ದ ದಹನಕ್ಕೆ ಎರಡೂಮುಕ್ಕಾಲಿಗೆ ಕಿರಿಯ ಪರೀಕ್ಷಕ ಬಂದ. ಎಷ್ಟಪ್ಪನವರ ಪಕ್ಕದ ಮೇಜಿನಲ್ಲಿ ಏಳು ವರ್ಷ ಕೂತು ಕೆಲಸ ಕಲಿತವನು. ಕಣ್ಣು ಕೆಂಪಗಾಗಿ ಊದಿಕೊಂಡಿತ್ತು. ಲ್ಯಾಬಿನವಳು ಅವನನ್ನು ಕಂಬದ ಮರೆಗೆ ಕರೆದಳು.

"ಫೈಲಲ್ಲಿ ಏನಾದ್ರೂ ಸಿಕ್ತಾ?"

"ಇಲ್ಲ ಮೇಡಂ. ಸಿಗಲ್ಲ. ಅವರು ಬರೆದದ್ದನ್ನ ಅವತ್ತೇ ಫೈಲಿಗೆ ಹಾಕ್ತಿರ್ಲಿಲ್ಲ. ಚೀಟೀಲಿ ಬರೆದು ಮನೆಗೆ ತಗೊಂಡು ಹೋಗೋರು. ಬೆಳಿಗ್ಗೆ ಎದ್ದು ಓದಿದಾಗ್ಲೂ ಅದೇ ಅರ್ಥ ಬಂದ್ರೆ ಮಾತ್ರ ಫೈಲಿಗೆ. ಇಲ್ಲಾಂದ್ರೆ ಒಲೆಗೆ."

"ಚೀಟಿ ಎಲ್ಲಿಡೋರು?"

"ಕನ್ನಡಕದ ಡಬ್ಬೀಲಿ. ಎದ್ದ ತಕ್ಷಣ ಕೈಗೆ ಸಿಗಬೇಕಲ್ಲ."

ಲ್ಯಾಬಿನವಳು ಪೆಟ್ಟಿಗೆಯ ನಾಲ್ಕು ತಿರುಪುಗಳನ್ನು ನೋಡಿದಳು. ಗಂಟಲಿನಿಂದ ನಗುವಿನಂಥದ್ದೇನೋ ಹೊರಟಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ಬಿಕ್ಕಿದಳೆಂದು ತಿಳಿದು ನೀರಿನ ಲೋಟ ಕೊಟ್ಟರು.

"ಗಡುವು ಮುಂದೆ ಹಾಕೋಕೆ ಏನಾದ್ರೂ..."

"ಕೊನೇ ಉತ್ತರ ಮೇಡಂ. ಸಹಿ ಹಾಕಿದ ಕಾಗದ, ಕಚೇರಿ ಕಿಟಕೀಲಿ, ಐದರೊಳಗೆ, ಮೊಹರು ಬೀಳಬೇಕು. ನನ್ನ ಕೈಲಿ ಕೊಟ್ರೆ ಬರೀ ಕಾಗದ ಅದು."

ಕೇಳಬೇಕು. ಯಾರನ್ನು? ಹೆಂಡತಿಯನ್ನು. ಏನೆಂದು? ನಿಮ್ಮ ಯಜಮಾನರ ಜೇಬು ತಡಕಿ ನೋಡಲೇ ಎಂದು. ಆ ವಾಕ್ಯವನ್ನು ಅವಳು ಮನಸ್ಸಿನಲ್ಲಿ ಐದಾರು ಥರ ತಿದ್ದಿದಳು. ಪ್ರತಿ ತಿದ್ದುಪಡಿಗೂ ಅದು ಇನ್ನಷ್ಟು ಹೇಸಿಗೆಯಾಯಿತು. ಅಷ್ಟರಲ್ಲಿ ಮೂರು ಹೊಡೆಯಿತು. ಹೋಗಿ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

"ನೀವು ಆಫೀಸಿನೋರಾ?" ಎಂದಳು ಹೆಂಡತಿ.

"ಅಲ್ಲಮ್ಮ. ನನ್ನದೊಂದು ಅರ್ಜಿ ಅವರ ಹತ್ರ ಇತ್ತು. ಹೊಳೆಯೋ ಚುಕ್ಕೆಗಳದ್ದು..."

ಹೆಂಡತಿ ಮೊದಲ ಸಲ ತಲೆ ಎತ್ತಿದಳು. "ಅಯ್ಯೋ, ಸಾಕಷ್ಟು ಮೇಡಮ್ಮಾ ನೀವು? ಊಟಕ್ಕೆ ಕೂತಾಗ ನಿಮ್ಮದೇ ಮಾತು. ಎರಡು ವರ್ಷದಿಂದ ನೀವು ನಮ್ಮನೇಲೇ ಇದೀರಿ ಅನ್ನಿ. 'ಕೆಲಸ ಚೆನ್ನಾಗಿದೆ ಕಣೇ, ಈಕೆ ಒಂದು ಪದಕ್ಕೆ ಹಾಳಾಗಬಾರದು. ಹೀಗೇ ಬಿಟ್ರೆ ನಾಳೆ ಯಾವನೋ ಕೋರ್ಟಿಗೆ ಹೋಗಿ ಒಂದೇ ದಿನದಲ್ಲಿ ಕಿತ್ತು ಹಾಕ್ತಾನೆ' ಅಂತಿದ್ರು."

ಲ್ಯಾಬಿನವಳು ಎರಡು ವರ್ಷ ಅವರನ್ನು ಕರೆದಿದ್ದ ಹೆಸರುಗಳು ಒಂದೊಂದಾಗಿ ನೆನಪಿಗೆ ಬಂದವು. ಎಷ್ಟಪ್ಪ ಎಂಬುದು ಅವುಗಳಲ್ಲೆಲ್ಲ ಮರ್ಯಾದೆಯದು.

"ಮನೇಲೂ ಹಾಗೇನಾ?" ಎಂದಳು, ಬೇರೇನೂ ತೋಚದೆ.

"ಕೇಳಬೇಡಿ. ಬೇಗ ಬರ್ತೀನಿ ಅಂದ್ರೆ ಎಷ್ಟು ಗಂಟೆಗೆ. ಉಪ್ಪು ಕಡಿಮೆ ಅಂತ ಅವರೇ ಅನ್ನೋರು. ಎಷ್ಟು ಕಡಿಮೆ ಅಂತ ನಾನು ಬಾಯಿ ತೆಗೆಯೋ ಮುಂಚೆ ಕಾಲು ಚಮಚ ಅಂತ ಅವರೇ ಹೇಳೋರು. ಮದುವೆ ಆದ ಹೊಸದರಲ್ಲಿ ಕೇಳಿದ್ದೆ, ನನ್ನ ಕಂಡ್ರೆ ಇಷ್ಟಾನಾ ಅಂತ. ಎರಡು ದಿನ ತಗೊಂಡ್ರು ಉತ್ತರಕ್ಕೆ." ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮಂಗಳವಾರ ಬೆಳಿಗ್ಗೆ ಎದ್ದೋರು ಎದೇಲಿ ಸ್ವಲ್ಪ ನೋವು ಅಂದ್ರು. ಸ್ವಲ್ಪ. ಮೂವತ್ತು ವರ್ಷದಲ್ಲಿ ಆ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಹಾಲು ಉಕ್ಕುತ್ತೆ ಅಂತ ಒಳಗೆ ಹೋದೆ. ಎಷ್ಟು ಅಂತ ಕೇಳ್ಲಿಲ್ಲ."

ಇದಾದ ಮೇಲೆ ಜೇಬಿನ ಮಾತು ಎತ್ತುವವರು ಮನುಷ್ಯರಲ್ಲ. ಲ್ಯಾಬಿನವಳಿಗೆ ಅದು ಗೊತ್ತಿತ್ತು. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಅವಳು ಎತ್ತಿದಳು.

"ಅಮ್ಮ, ನನ್ನ ಕ್ಷಮಿಸಬೇಡಿ. ಅವರು ಸೋಮವಾರ ನನಗೋಸ್ಕರ ಒಂದು ಚೀಟಿ ಬರೆದಿದ್ರು. ಅದು ಅವರ ಜೇಬಿನ ಕನ್ನಡಕದ ಡಬ್ಬೀಲಿದೆ. ಇವತ್ತು ಐದರೊಳಗೆ ಅದು ಆಫೀಸಿನ ಕಿಟಕಿ ಮುಟ್ಟಲಿಲ್ಲ ಅಂದ್ರೆ ನನ್ನದು ಮುಗೀತು."

ಹೆಂಡತಿ ಎದ್ದಳು. ನೌಕರನ ಹತ್ತಿರ ಹೋಗಿ, "ತೆಗೀರಿ," ಎಂದಳು.

"ಅಕ್ಕ, ಏನಿದು?" ಎಂದು ತಮ್ಮ ಓಡಿ ಬಂದ. "ಅತ್ತಿಗೆ, ಬೇಡ, ಜನ ನೋಡ್ತಿದಾರೆ," ಎಂದಳು ತಂಗಿ.

"ನೋಡ್ಲಿ. ಬಾಕಿ ಕೆಲಸ ಇಟ್ಕೊಂಡು ಎಲ್ಲಿಗಾದ್ರೂ ಹೋದ ಮನುಷ್ಯನಾ ಅವರು? ತೆಗೀರಿ."

ನಾಲ್ಕು ತಿರುಪು ಬಿಚ್ಚಲು ಆರು ನಿಮಿಷ ಹಿಡಿಯಿತು. ಒಂದು ಅಡ್ಡ ಕೂತಿತ್ತು. ಹೆಂಡತಿ ತಾನೇ ಬಗ್ಗಿ ಕೋಟಿನೊಳಗೆ ಕೈ ಹಾಕಿದಳು. ಕೈ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು. ಆಮೇಲೆ ಡಬ್ಬಿಯನ್ನು ತಂದು ಲ್ಯಾಬಿನವಳ ಮಡಿಲಲ್ಲಿಟ್ಟಳು.

ಕನ್ನಡಕದ ಕೆಳಗೆ ಹೆಬ್ಬೆರಳುದ್ದದ ಕೆಂಪು ಪೆನ್ಸಿಲ್ ತುಂಡು, ಅದರ ಕೆಳಗೆ ಎರಡಾಗಿ ಮಡಚಿದ ಚೀಟಿ. 'ಕೋಷ್ಟಕ ಒಂಬತ್ತು, ಕೊನೆಯ ಸಾಲು. ಅದೇ ಗಾಜಿನ ಖಾಲಿ ಜಾಗದ ಹೊಳಪಿಗಿಂತ ಮೂರು ಪಟ್ಟು ಅಥವಾ ಅದಕ್ಕಿಂತ ಹೆಚ್ಚು. ಇಷ್ಟು ಸಾಕು.'

ಖಾಲಿ ಗಾಜು. ಉಪಕರಣ ಸರಿಯಿದೆಯೇ ನೋಡಲೆಂದು ದಿನಾ ಬೆಳಿಗ್ಗೆ ಸಹಾಯಕರು ಅಳೆದು ಬರೆದಿಡುತ್ತಿದ್ದ ಅಂಕಿ. ಏನೂ ಇಲ್ಲದ್ದು ಎಷ್ಟು ಹೊಳೆಯುತ್ತದೆ ಎಂಬುದರ ಲೆಕ್ಕ. ಅವಳು ಆ ಸಾಲನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅಳತೆಯೆಂದು ಓದಿರಲಿಲ್ಲ.

ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಹಕ್ಕಿನ ಸಾಲನ್ನು ಹೊಸದಾಗಿ ಬರೆದಳು. ಸಹಿ ಹಾಕಿದಳು. ಕನ್ನಡಕವನ್ನು ಹೆಂಡತಿಯ ಕೈಗೆ ಕೊಟ್ಟಳು. ಡಬ್ಬಿಯನ್ನೂ ಕೊಡಹೋದರೆ ಹೆಂಡತಿ ಅದನ್ನು ಹಿಂದಕ್ಕೆ ತಳ್ಳಿದಳು. "ಇಟ್ಕೊಳ್ಳಿ. ಚೀಟಿ ಮುದುಡಿ ಹಾಳಾಗುತ್ತೆ. ಹೊರಡಿ, ಹೊರಡಿ."

ಮೂರೂ ನಲವತ್ತೈದಕ್ಕೆ ಅವಳು ಟ್ಯಾಕ್ಸಿ ಹತ್ತಿದಳು. ಎದುರಿನಿಂದ ಬಂದ ಬಸ್ಸೊಂದು ಚಿತಾಗಾರದ ಮುಂದೆ ನಿಂತು, ಅದರಿಂದ ಮೂವತ್ತು ನಲವತ್ತು ಜನ ಹೂ ಹಿಡಿದು ಇಳಿಯುತ್ತಿದ್ದರು. ಆ ಗಡಿಬಿಡಿಯಲ್ಲಿ ಅವರು ಯಾರೆಂದು ಅವಳಿಗೆ ಹೊಳೆಯಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಪೇಟೆಂಟ್ ಕಚೇರಿಯ ಕಿಟಕಿಯ ಮುಂದೆ ನಿಂತಳು. ತಗಡಿನ ಪರದೆ ಇಳಿದಿತ್ತು. ಮೇಲೆ ಅಚ್ಚು ಹಾಕಿದ ಹಾಳೆಯೊಂದನ್ನು ಅಂಟಿಸಿದ್ದರು; ಮೂಲೆಯಲ್ಲಿ ಅವರ ಚಿತ್ರ, ದೂರದ ಕನ್ನಡಕದಲ್ಲಿ. 'ನಮ್ಮ ಹಿರಿಯ ಪರೀಕ್ಷಕರ ನಿಧನದ ಗೌರವಾರ್ಥ ಇಂದು ಕಚೇರಿಯನ್ನು ಸ್ವಲ್ಪ ಬೇಗ ಮುಚ್ಚಲಾಗುವುದು.'

ಅವಳು ಎರಡೂ ಅಂಗೈಯಿಂದ ತಗಡನ್ನು ಬಡಿದಳು. ಕಾವಲುಗಾರ ಬಂದ.

"ಯಾರೂ ಇಲ್ಲ ಮೇಡಂ. ಎಲ್ಲಾ ಮಣ್ಣಿಗೆ ಹೋದ್ರು. ಮೂರು ಗಂಟೆಗೇ."

"ಐದರ ತನಕ ಟೈಮಿದೆಯಲ್ಲ!"

"ಸ್ವಲ್ಪ ಬೇಗ ಅಂತ ಬರೆದಿದಾರಲ್ಲ," ಎಂದು ಅವನು ಹಾಳೆ ತೋರಿಸಿದ.

ಅವಳು ಕಿರಿಯ ಪರೀಕ್ಷಕನಿಗೆ ಫೋನು ಮಾಡಿದಳು. ಹಿಂದೆ ಯಾರೋ ಅಳುವುದು, ತಡವಾಗಿ ಬಂದ ಸರದಿಗೆ ದೊಡ್ಡ ಯಂತ್ರವೊಂದರ ಬಾಗಿಲು ಸರಿಯುವುದು ಕೇಳಿಸಿತು.

"ಕಚೇರಿ ಮುಚ್ಚಿದ ದಿನ ಗಡುವು ಬಿದ್ರೆ ಮಾರನೇ ದಿನ ಕೊಡಬಹುದು ಅಂತ ನಿಯಮ ಇದೆ ಅಲ್ವಾ? ಇದೆ ತಾನೆ?"

"ಇದೆ ಮೇಡಂ. ಆದ್ರೆ ಇವತ್ತು ಬೆಳಿಗ್ಗೆ ತೆಗೆದಿತ್ತಲ್ಲ. ಅರ್ಧ ದಿನ ಮುಚ್ಚಿದ್ರೆ ಮುಚ್ಚಿದ ದಿನಾನೋ ಅಲ್ವೋ ಅಂತ ಎಲ್ಲೂ ಬರೆದಿಲ್ಲ. ಹಿಂದಿನಿಂದ್ಲೂ ಅಲ್ಲ ಅಂತಲೇ ನಡೆಸ್ಕೊಂಡು ಬಂದಿದಾರೆ." ಅವನು ಉಸಿರೆಳೆದುಕೊಂಡ. "ನಮ್ಮ ಸಾರ್ ಒಬ್ಬರೇ ಇದನ್ನ ಕೇಳ್ತಿದ್ದಿದ್ದು. ನಾನು ಹತ್ತು ನಿಮಿಷ ಬೇಗ ಮುಚ್ತಾರೆ ಅಂದ್ಕೊಂಡಿದ್ದೆ ಮೇಡಂ, ನಿಜವಾಗ್ಲೂ."

"ಈ ನೋಟಿಸು ಬರೆದಿದ್ದು ಯಾರು?"

ಯಂತ್ರದ ಬಾಗಿಲು ಮುಚ್ಚಿಕೊಂಡ ಸದ್ದು ಬಂತು.

"ನಾನೇ," ಎಂದ ಅವನು.

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಡಬ್ಬಿ ತೆರೆದು ಕೆಂಪು ಪೆನ್ಸಿಲ್ ತುಂಡು ತೆಗೆದಳು. ಹಾಳೆಯ ಮೇಲೆ 'ಸ್ವಲ್ಪ' ಎಂಬ ಪದಕ್ಕೆ ಅಡಿಗೆರೆ ಎಳೆದು, ಅಂಚಿನಲ್ಲಿ 'ಎಷ್ಟು?' ಎಂದು ಬರೆದಳು. ಕಾವಲುಗಾರ ಬೇಡ ಎನ್ನಲಿಲ್ಲ. ಆ ಗುರುತನ್ನು ಅವನು ಆ ಕಟ್ಟಡದಲ್ಲಿ ಬಹಳ ಸಲ ನೋಡಿದ್ದ. ಐದು ಹೊಡೆಯುವವರೆಗೆ ಅವಳು ಕಾಗದ ಹಿಡಿದು ಕಿಟಕಿಯ ಮುಂದೆಯೇ ನಿಂತಿದ್ದಳು, ಸರದಿಯಲ್ಲಿ ಮೊದಲಿಗಳಾಗಿ.

ಗಡುವಿನೊಳಗೆ ಉತ್ತರ ಬಾರದ ಕಾರಣ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಮಾರನೆಯ ದಿನ ದಾಖಲಾಯಿತು.