ತಿಂಗಳಿಗೊಂದು ಕ್ಯಾಲ್ಸಿಯಂ

ಡಾಕ್ಟರ್ ಅಪೂರ್ವ ಘೋಷ್ ಅವರ ಹಲ್ಲಿನ ದವಾಖಾನೆ ಟಾಲಿಗಂಜ್ ಮೆಟ್ರೋದಿಂದ ಐದು ನಿಮಿಷದ ದಾರಿ, ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿ. ಬೆಳಿಗ್ಗೆ ಹತ್ತಕ್ಕೆ ಅವರ ಕಾಂಪೌಂಡರ್ ಬಂದು ಶಟರ್ ಎತ್ತುವಷ್ಟರಲ್ಲಿ ವಸಂತಾಬಾಯಿ ಮೆಟ್ಟಿಲ ಮೇಲೆ ಸಿದ್ಧವಾಗಿ ನಿಂತಿರುತ್ತಿದ್ದರು. ಇಳಕಲ್ಲ ಸೀರೆ, ಮೇಲೊಂದು ಕಂದು ಶಾಲು, ಕೈಚೀಲದಲ್ಲಿ ನೀರಿನ ಬಾಟಲಿ ಮತ್ತು ಸಣ್ಣ ಟಾರ್ಚು. ಒಳಗೆ ಹೋಗಿ ಬಾಗಿಲಿಗೆ ಎದುರಾದ ಬೆಂಚಿನಲ್ಲಿ ಕೂರುತ್ತಿದ್ದರು. ಮೊದಲ ರೋಗಿ ಬಂದು ಪಕ್ಕದಲ್ಲಿ ಕೂತದ್ದೇ ತಡ, ಟಾರ್ಚನ್ನು ಅವರ ಕೈಗೆ ಕೊಟ್ಟು, ಬಾಯಿ ತೆರೆದು, ಕೆಳದವಡೆಯ ಎಡಗಡೆಗೆ ಬೆರಳು ಮಾಡುತ್ತಿದ್ದರು.

ಅಲ್ಲಿ ಒಸಡು ಇರಲಿಲ್ಲ. ಒಸಡು ಇರಬೇಕಾದಲ್ಲಿ ಬೆರಳಗಲದ ಹಳದಿ ಎಲುಬು ಬತ್ತಲೆ ಕೂತಿತ್ತು. ನೋಡಿದವರು ಟಾರ್ಚು ಆರಿಸಿ ಲೊಚಗುಟ್ಟುತ್ತಿದ್ದರು. ಆಗ ವಸಂತಾಬಾಯಿ ತಮ್ಮ ಮೂವತ್ತು ವರ್ಷ ಹಳೆಯ ಬಂಗಾಳಿಯಲ್ಲಿ, ಒಳಗೆ ಇದ್ದಾನಲ್ಲ, ಅವನೇ ಮಾಡಿದ್ದು ಇದು, ಒಂದು ಹಲ್ಲು ಕೀಳಲು ಹೋಗಿ ದವಡೆಯನ್ನೇ ಕೊಳೆಸಿದ, ಇನ್ನು ನಿಮ್ಮಿಷ್ಟ, ಎಂದು ಹೇಳಿ ಶಾಲು ಸರಿಮಾಡಿಕೊಳ್ಳುತ್ತಿದ್ದರು. ಹತ್ತರಲ್ಲಿ ನಾಲ್ಕು ಜನ ಎದ್ದು ಮೆಟ್ಟಿಲಿಳಿಯುತ್ತಿದ್ದರು. ಆ ನಾಲ್ಕು ಜನರ ಚಪ್ಪಲಿ ಸದ್ದು ಅವರಿಗೆ ಗಂಜಿಗಿಂತ ಹೆಚ್ಚು ಶಕ್ತಿ ಕೊಡುತ್ತಿತ್ತು.

ಹಗೆ ಸಾಧಿಸುವುದು ವಸಂತಾಬಾಯಿಗೆ ಹೊಸದಲ್ಲ. ಗಂಡ ಲಕ್ಷ್ಮೀನಾರಾಯಣರಾಯರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದಾಗ, ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯಾಕೆ ಕೇಳದೆ ಇವರ ಕರಿಬೇವಿನ ಗಿಡ ಕಡಿಸಿದ್ದಳು. ಹನ್ನೊಂದು ವರ್ಷ ಮಾತು ಬಿಟ್ಟರು. ಬರೀ ಬಿಡಲಿಲ್ಲ, ಪ್ರತಿ ವರ್ಷ ದುರ್ಗಾಪೂಜೆಯ ದಶಮಿಗೆ ಸಾಲಿನ ಎಲ್ಲ ಮನೆಗೂ ಬೇಸನ್ ಉಂಡಿ ಕಳಿಸಿ, ಆ ಒಂದು ಬಾಗಿಲ ಮುಂದೆ ಡಬ್ಬಿ ಹಿಡಿದುಕೊಂಡೇ ದಾಟಿ ಹೋಗುತ್ತಿದ್ದರು. ಗಿಡದ ಸಂಗತಿಗೇ ಇಷ್ಟಾದರೆ ದವಡೆಯ ಸಂಗತಿಗೆ ಎಷ್ಟಾಗಬೇಕು?

ಹಲ್ಲು ಕಿತ್ತದ್ದು ಮಹಾಲಯದ ವಾರ. ಪೂಜೆ ಮುಗಿಯಿತು, ಕಾಳಿಪೂಜೆ ಮುಗಿಯಿತು, ಗಾಯ ಮಾತ್ರ ಮುಚ್ಚಲಿಲ್ಲ. ಕೀವು ಬಂತು. ಡಾಕ್ಟರು ಅಮಾಕ್ಸಿಸಿಲಿನ್ ಕೊಟ್ಟರು, ಆಮೇಲೆ ಅದರ ಜೊತೆಗೆ ಮೆಟ್ರೊನಿಡಜೋಲ್ ಕೊಟ್ಟರು, ಅದು ತಿಂದದ್ದಕ್ಕೆಲ್ಲ ಕಬ್ಬಿಣದ ರುಚಿ ಹಚ್ಚಿತು. ಬಾಯಿ ಮುಕ್ಕಳಿಸುವ ಔಷಧಿ ಉಳಿದ ಹಲ್ಲುಗಳನ್ನು ಕಂದು ಮಾಡಿತು. ಡಿಸೆಂಬರಿನಲ್ಲಿ ಸ್ಕ್ಯಾನ್ ಮಾಡಿಸಿ ನೋಡಿ, ಅಷ್ಟು ಭಾಗದ ಎಲುಬು ಸತ್ತಿದೆ ಎಂದರು. ಆ್ಯಂಟಿಬಯಾಟಿಕ್ ರಕ್ತ ಹರಿಯುವಲ್ಲಿಗೆ ಮಾತ್ರ ಹೋಗುತ್ತದೆ, ಸುತ್ತಲಿನ ಸೋಂಕು ತಡೆಯುತ್ತದೆ, ಸತ್ತ ಎಲುಬನ್ನು ಬದುಕಿಸುವುದಿಲ್ಲ, ಎಂದು ವಿವರಿಸಿದರು. ಯಾಕೆ ಸತ್ತಿತು ಎಂದು ವಸಂತಾಬಾಯಿ ಕೇಳಿದರು. ಡಾಕ್ಟರು ಕೈಗವಸು ಬಿಚ್ಚುತ್ತ ಕೆಳಗೆ ನೋಡಿ, ಕೆಲವರಿಗೆ ಹಾಗಾಗುತ್ತದೆ ಎಂದುಬಿಟ್ಟರು.

ಆ ಒಂದು ಮಾತು ಅವರ ಹೊಟ್ಟೆಗೆ ಬೆಂಕಿ ಇಟ್ಟಿತು. ಅರವತ್ತೇಳು ವರ್ಷ ಕಬ್ಬು ಸಿಗಿದ ಬಾಯಿ, ಚಕ್ಕುಲಿ ಕಡಿದ ಬಾಯಿ. ಈಗ ರಾಯರು ಮಿಕ್ಸಿಯಲ್ಲಿ ರುಬ್ಬಿ ಕೊಟ್ಟದ್ದನ್ನು ಕುಡಿಯಬೇಕು. ಕೆಲವರಿಗೆ ಹಾಗಾಗುತ್ತದಂತೆ! ಅವರಿಗೆ ದುಡ್ಡು ಬೇಕಿರಲಿಲ್ಲ. ಆ ಮನುಷ್ಯ ಹೊರಗೆ ಬಂದು, ನಾಲ್ಕು ಜನರ ಮುಂದೆ ನಿಂತು, ಇದು ನನ್ನಿಂದ ಆಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವ ತನಕ ಬೆಂಚು ಬಿಡುವುದಿಲ್ಲ ಎಂದು ಜನವರಿಯ ಮೊದಲ ಸೋಮವಾರ ಬಂದು ಕೂತರು.

ಡಾಕ್ಟರು ಹೇಳಲಿಲ್ಲ, ಹೊರಗೂ ಹಾಕಲಿಲ್ಲ. ದಿನಾ ಹನ್ನೊಂದಕ್ಕೆ ಕಾಂಪೌಂಡರ್ ಕೈಯಲ್ಲಿ, ಬಾಯಿ ಸುಡದಂತೆ ಆರಿಸಿದ ಚಹಾ ಕಳಿಸುತ್ತಿದ್ದರು. ವಸಂತಾಬಾಯಿ ಅದನ್ನು ಶಪಿಸುತ್ತಲೇ ಕುಡಿಯುತ್ತಿದ್ದರು. ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ, ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನ ಹುಡುಗಿ ಮೇಧಾಳನ್ನು ಹಿಡಿದು ಕೂರಿಸಿಕೊಂಡು, ಮೊಬೈಲಿನಲ್ಲಿ ದವಾಖಾನೆಗೆ ಐದರಲ್ಲಿ ಒಂದೇ ಚುಕ್ಕಿ ಕೊಡಿಸಿ, ಕೆಳಗೆ ಬರೆಯಬೇಕಾದ್ದನ್ನು ತಾವೇ ಹೇಳಿ ಬರೆಸಿದರು. ಹುಡುಗಿ ಅರ್ಧ ಬೈಗುಳ ಬಿಟ್ಟು ಬರೆದಳು ಎಂಬ ಗುಮಾನಿ ಅವರಿಗೆ ಇವತ್ತಿಗೂ ಇದೆ.

ರಾಯರದು ಬೇರೆಯೇ ರಾಗ. ಬಿಡು, ಒಳ್ಳೆಯ ಮನುಷ್ಯ ಆತ, ಯಾಕೆ ಅವನ ಹೊಟ್ಟೆಯ ಮೇಲೆ ಹೊಡೆಯುತ್ತಿ, ಎಂದು ದಿನಾ ಸಂಜೆ ಹೇಳುತ್ತಿದ್ದರು. ಹೇಳುವಾಗ ಮುಖ ಕೊಡುತ್ತಿರಲಿಲ್ಲ. ಇವರೊಬ್ಬ ಪುಕ್ಕಲ, ಹೆಂಡತಿಯ ದವಡೆ ಉದುರಿದರೂ ಯಾರಿಗೂ ನೋವಾಗಬಾರದು ಇವರಿಗೆ, ಎಂದು ವಸಂತಾಬಾಯಿ ಗೊಣಗಿಕೊಂಡು ಗಂಜಿ ಕುಡಿಯುತ್ತಿದ್ದರು.

ಹದಿನೇಳನೆಯ ದಿನ ಪಕ್ಕದಲ್ಲಿ ಬಂದು ಕೂತದ್ದು ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿಕೊಂಡಿದ್ದ, ಐವತ್ತರ ಆಸುಪಾಸಿನ ಒಬ್ಬ ಶಾಲೆ ಟೀಚರು. ವಸಂತಾಬಾಯಿ ಎಂದಿನಂತೆ ಟಾರ್ಚು ಕೊಟ್ಟರು. ಎಲ್ಲರೂ ಒಂದು ಕ್ಷಣ ನೋಡಿ ಮುಖ ತಿರುಗಿಸಿದರೆ, ಈಕೆ ಬಗ್ಗಿ, ಗಲ್ಲ ಹಿಡಿದು, ನಿಧಾನವಾಗಿ ನೋಡಿದಳು. ನೋಡಿ, ನೀವು ಯಾವ ಡ್ರಿಪ್ ತಗೊಳ್ಳುತ್ತೀರಿ ಎಂದು ಕೇಳಿದಳು.

ಡ್ರಿಪ್ಪಿನ ಮಾತು ಈಕೆಗೆ ಹೇಗೆ ಗೊತ್ತು? ವಸಂತಾಬಾಯಿ, ಬೆನ್ನೆಲುಬು ಸವೆದದ್ದಕ್ಕೆ ಒಂದೂವರೆ ವರ್ಷದಿಂದ ತಿಂಗಳಿಗೊಂದು ಕ್ಯಾಲ್ಸಿಯಂ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೇನೆ ಎಂದರು. ಸಣ್ಣ ಬಾಟಲಿಯೇ, ಕಾಲು ಗಂಟೆಯಲ್ಲಿ ಮುಗಿಯುತ್ತದೆಯೇ, ಮೊದಲು ತುಂಬ ನೀರು ಕುಡಿಸುತ್ತಾರೆಯೇ, ಮೊದಲ ಸಲ ಹಾಕಿದ ಮರುದಿನ ಮೈಕೈ ಮುರಿದು ಜ್ವರ ಬಂತೇ, ಎಂದು ಆಕೆ ಕೇಳುತ್ತ ಹೋದಳು. ಎಲ್ಲಕ್ಕೂ ಹೌದು ಎನ್ನಬೇಕಾಯಿತು. ಆಗ ಆಕೆ ಟಾರ್ಚು ವಾಪಸು ಕೊಟ್ಟು, ತನಗೂ ಅದೇ ಹಾಕುತ್ತಾರೆ, ಅದರ ಹೆಸರು ಜೋಲೆಡ್ರೋನಿಕ್ ಆ್ಯಸಿಡ್ ಎಂದಳು. ತನ್ನ ಎದೆಯ ಕ್ಯಾನ್ಸರ್ ಎಲುಬಿಗೆ ಹಬ್ಬಿದ್ದಕ್ಕೆ ಅದು. ಶುರು ಮಾಡುವ ಮೊದಲೇ ಆಸ್ಪತ್ರೆಯವರು ಹಲ್ಲೆಲ್ಲ ತೋರಿಸಿಕೊಂಡು ಬಾ ಎಂದು ಕಳಿಸಿದ್ದರು, ಆಮೇಲೆ ನಮ್ಮನ್ನು ಕೇಳದೆ ಹಲ್ಲು ಕೀಳಿಸಬೇಡ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಅದಕ್ಕೇ ಇವತ್ತು ಕೀಳಿಸದೆ ರೂಟ್ ಕೆನಾಲ್ ಮಾಡಿಸಲು ಬಂದಿದ್ದಳು. ಆ ಔಷಧಿ ಎಲುಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಹಲ್ಲು ಕಿತ್ತರೆ ದವಡೆ ಕೂಡಿಕೊಳ್ಳದೆ ಹೋಗಬಹುದು.

“ಕ್ಯಾಲ್ಸಿಯಂ ಅಂತ ನಿಮಗೆ ಯಾರು ಹೇಳಿದರು, ದೀದಿ?” ಎಂದು ಮೆಲ್ಲಗೆ ಕೇಳಿದಳು.

ವಸಂತಾಬಾಯಿ ಎದ್ದು, ಸರದಿ ಗಿರದಿ ಕೇಳದೆ, ಡಾಕ್ಟರ ಕೋಣೆಯ ಬಾಗಿಲು ತಳ್ಳಿದರು. ಹದಿನೇಳು ದಿನದಲ್ಲಿ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಜೋಲೆಡ್ರೋನಿಕ್ ಆ್ಯಸಿಡ್ ಎಂದರೇನು ಎಂದು ಕೇಳಿದರು. ಡಾಕ್ಟರ ಕೈಯಲ್ಲಿದ್ದ ಕನ್ನಡಿ ಟ್ರೇಗೆ ಇಳಿಯಿತು. ಕಪಾಟಿನಿಂದ ವಸಂತಾಬಾಯಿಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

ಮಹಾಲಯದ ವಾರದ ತಾರೀಖು. ಔಷಧಿಗಳು ಎಂಬಲ್ಲಿ ಇಂಗ್ಲಿಷಿನಲ್ಲಿ, ತಿಂಗಳಿಗೊಮ್ಮೆ ಕ್ಯಾಲ್ಸಿಯಂ ಡ್ರಿಪ್, ಹೇಳಿದವರು ಗಂಡ, ಎರಡು ಸಲ ಕೇಳಲಾಯಿತು, ಎಂದು ಬರೆದಿತ್ತು. ವಸಂತಾಬಾಯಿಗೆ ಎಲ್ಲ ಕಣ್ಣಿಗೆ ಕಟ್ಟಿತು. ತಾವು ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದರು. ಡ್ರಿಪ್ಪಿನಲ್ಲಿ ಏನಿದೆ ಎಂದು ಡಾಕ್ಟರು ಕೇಳಿದಾಗ, ಕಾಲ ಬಳಿ ನಿಂತಿದ್ದ ರಾಯರು ಹೇಳಿದ್ದು ಅವರ ಕಿವಿಗೇ ಬಿದ್ದಿತ್ತು.

“ಎಲುಬು ಕಂಡ ದಿನ ನಿಮ್ಮ ಯಜಮಾನರು ಬಂದು ನನ್ನ ಕಾಲು ಹಿಡಿದರು, ಮಾಶಿಮಾ. ನಿಮಗೆ ಹೇಳಬಾರದು ಅಂತ ಮಾತು ತಗೊಂಡರು,” ಎಂದರು ಡಾಕ್ಟರು. “ಆದರೆ ಆಸ್ಪತ್ರೆಯ ಕಾಗದ ನಾನು ಕೇಳಬೇಕಿತ್ತು. ಕೇಳದೆ ಹಲ್ಲಿಗೆ ಕೈ ಹಾಕಿದೆ. ಅದು ನನ್ನ ತಪ್ಪೇ.”

ಹದಿನೇಳು ದಿನ ಕಾದ ಮಾತು ಕೊನೆಗೂ ಬಂತು, ಬಂದಾಗ ರುಚಿಯೇ ಇರಲಿಲ್ಲ. ನಿಮ್ಮದು ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ವಸಂತಾಬಾಯಿ ಹೊರಬಿದ್ದರು. ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಆಸಾಮಿ ಬದಲಾಗಿದ್ದ, ಅಷ್ಟೇ.

ಮನೆಯಲ್ಲಿ ರಾಯರು ಅನ್ನ ಸಾರು ಮಿಕ್ಸಿಗೆ ಹಾಕಿ ನಿಂತಿದ್ದರು. ವಸಂತಾಬಾಯಿ ಹೋಗಿ ಮಿಕ್ಸಿ ಆರಿಸಿದರು. ಔಷಧಿಯ ಹೆಸರನ್ನು ತಪ್ಪಿಲ್ಲದೆ ಹೇಳಿದರು. ರಾಯರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಆಮೇಲೆ ಒಂದೊಂದಾಗಿ ಹೊರಬಂತು. ವಸಂತಾಬಾಯಿಗಿದ್ದದ್ದು ಎಲುಬಿನ ಮಜ್ಜೆಯ ಕ್ಯಾನ್ಸರ್. ಅವರು ದಿನಾ ಗುಳಿಗೆ ತೆಗೆದು ನುಂಗುತ್ತಿದ್ದ ಕ್ಯಾಲ್ಸಿಯಂ ಡಬ್ಬಿಯಲ್ಲಿದ್ದದ್ದೆಲ್ಲ ಕ್ಯಾಲ್ಸಿಯಂ ಅಲ್ಲ, ರಾಯರೇ ಪ್ರತಿ ತಿಂಗಳು ಕ್ಯಾನ್ಸರಿನ ಗುಳಿಗೆಗಳನ್ನು ಹೆಸರಿದ್ದ ಡಬ್ಬಿಯಿಂದ ತೆಗೆದು ಅದಕ್ಕೆ ಸುರಿಯುತ್ತಿದ್ದರು. ಹಲ್ಲಿನ ವಿಷಯ ಆಸ್ಪತ್ರೆಯವರು ಮೊದಲ ದಿನವೇ ಎಚ್ಚರಿಸಿದ್ದರು. ಆ ಕಾಗದ ರಾಯರ ಪಾಕೀಟಿನಲ್ಲಿ ಮಡಚಿಕೊಂಡಿತ್ತು, ಹಲ್ಲು ಕೀಳಿಸಿದ ದಿನವೂ ಇತ್ತು.

“ಅವತ್ತರೆ ಯಾಕ ಹೇಳಲಿಲ್ರಿ ಡಾಕ್ಟರಿಗೆ?”

“ನೀ ಅಲ್ಲೇ ಇದ್ದೆಲ್ಲ. ನಿನ್ನ ಮುಂದ ಹ್ಯಾಂಗ ಹೇಳ್ಲಿ?” ಎಂದರು ರಾಯರು. “ಆ ಹೆಸರು ಕೇಳಿ ನಿಮ್ಮವ್ವ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾಕಿ ಮತ್ತ ಏಳಲೇ ಇಲ್ಲ. ನೀನೂ ಹಂಗ ಮಾಡ್ತಿ ಅಂತ ಅಂಜಿದೆ. ಒಂದ ಹಲ್ಲು, ಏನಾಗ್ತದ ಅಂದ್ಕೊಂಡೆ.”

ವಸಂತಾಬಾಯಿಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅದಕ್ಕೆಲ್ಲ ಪುರಸೊತ್ತು ಬೇಕು. ತಮ್ಮ ಮೈಯೊಳಗಿನ ಸುದ್ದಿ ಗಂಡನಿಗೆ ಗೊತ್ತು, ಆಸ್ಪತ್ರೆಗೆ ಗೊತ್ತು, ಹಲ್ಲಿನ ಡಾಕ್ಟರಿಗೆ ಗೊತ್ತು, ತಮಗೊಬ್ಬರಿಗೆ ಗೊತ್ತಿಲ್ಲ. ಒಂದೂವರೆ ವರ್ಷ ತಮ್ಮನ್ನು ಎಳೆಕೂಸು ಮಾಡಿ, ಸಕ್ಕರೆ ನೀರು ಕುಡಿಸಿದ ಹಾಗೆ ಕುಡಿಸಿದ್ದಾರೆ. ಅದರ ಮೇಲೆ ಹದಿನೇಳು ದಿನ, ತಪ್ಪು ಯಾರದೆಂದು ಗೊತ್ತಿದ್ದೂ, ಬೇರೆಯವನ ಮಾನ ಹರಾಜಾಗುವುದನ್ನು ನೋಡುತ್ತ ಮನೆಯಲ್ಲಿ ಗಂಜಿ ರುಬ್ಬಿದ್ದಾರೆ. ಇದನ್ನು ಅವರು ಕ್ಷಮಿಸುವವರಲ್ಲ. ಕಪಾಟು ತೆರೆದು ರಾಯರ ನೀಲಿ ಅಂಗಿ ತೆಗೆದು ಇಸ್ತ್ರಿ ಮಾಡಿದರು. ನಾಳೆ ಹತ್ತಕ್ಕೆ ನೀವೂ ಬರಬೇಕು, ನಾನು ಡಾಕ್ಟರ ಬಾಯಿಂದ ಹೇಳಿಸಬೇಕೆಂದು ಕೂತದ್ದನ್ನು ನೀವು ಹೇಳಬೇಕು, ಎಂದರು. ಇಲ್ಲವಾದರೆ ಡ್ರಿಪ್ಪಿಗೂ ಬರುವುದಿಲ್ಲ, ಗುಳಿಗೆಯನ್ನೂ ಮುಟ್ಟುವುದಿಲ್ಲ, ಎಂದು ಸೇರಿಸಿದರು. ರಾಯರಿಗೆ ಹೆಂಡತಿ ಗೊತ್ತು.

ಮರುದಿನ ಬೆಂಚಿನಲ್ಲಿ ಐದು ಜನ ಕಾಯುತ್ತಿದ್ದರು. ಕಾಂಪೌಂಡರ್ ಬಾಗಿಲಲ್ಲಿ ನಿಂತಿದ್ದ, ಡಾಕ್ಟರೂ ಪರದೆ ಸರಿಸಿ ಹೊರಗೆ ಬಂದರು. ವಸಂತಾಬಾಯಿ ಟಾರ್ಚು ತೆಗೆಯಲಿಲ್ಲ. ಗಂಡನನ್ನು ನಡುವೆ ನಿಲ್ಲಿಸಿ ತಾವು ಗೋಡೆಗೆ ಆತು ನಿಂತು, ಹೇಳಿರೆಂದು ಗಲ್ಲ ಎತ್ತಿದರು.

ರಾಯರು ಬಂಗಾಳಿಯಲ್ಲಿ ಶುರು ಮಾಡಿದರು. ಇವರು ನನ್ನ ಹೆಂಡತಿ, ಎಂದರು. ಇವರಿಗೆ ಕ್ಯಾನ್ಸರ್ ಇದೆ, ಎಂದರು. ಅಲ್ಲಿಗೆ ನಿಲ್ಲಿಸಿಬಿಟ್ಟರು.

ಐದೂ ಮುಖಗಳು ವಸಂತಾಬಾಯಿಯ ಕಡೆ ತಿರುಗಿದವು. ಹದಿನೇಳು ದಿನ ಇದೇ ಬೆಂಚಿನವರು ಅವರ ಪರವಾಗಿ ಸಿಟ್ಟಾಗಿದ್ದರು, ಡಾಕ್ಟರನ್ನು ಬೈದಿದ್ದರು. ಈಗ ಯಾರೂ ಯಾರನ್ನೂ ಬೈಯುವ ಮುಖದಲ್ಲಿರಲಿಲ್ಲ. ಬೆಂಚಿನಲ್ಲಿ ಜಾಗವಿದ್ದರೂ ಒಬ್ಬ ಹುಡುಗಿ ಎದ್ದು ನಿಂತು ಕೂತುಕೊಳ್ಳಿ ಎಂದಳು. ಒಬ್ಬ ಮುದುಕರು ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಎಲ್ಲರೂ ನೋಡುತ್ತಿದ್ದದ್ದು ಲೋಕ ಬಿಟ್ಟು ಹೋಗುವವರನ್ನು ನೋಡುವ ಹಾಗೆ. ಈ ನೋಟವೇ ತಮ್ಮ ಮೈಮೇಲೆ ಬೀಳದಂತೆ ರಾಯರು ಒಂದೂವರೆ ವರ್ಷ ಅಡ್ಡ ನಿಂತಿದ್ದರು ಎಂದು ವಸಂತಾಬಾಯಿಗೆ ಆ ಕ್ಷಣ ಅರ್ಥವಾಯಿತು. ಅರ್ಥವಾದದ್ದರಿಂದ ಮನಸ್ಸು ಕರಗಲಿಲ್ಲ, ಇನ್ನಷ್ಟು ಉರಿಯಿತು. ತೀರ್ಪು ಕೊಡಬೇಕಾದವರು ಅಪರಾಧಿಯನ್ನು ಬಿಟ್ಟು ತಮ್ಮನ್ನು ನೋಡಿ ಮರುಗುತ್ತಿದ್ದರು.

ಹುಡುಗಿ ಕೊಟ್ಟ ಜಾಗದಲ್ಲಿ ಅವರು ಕೂರಲಿಲ್ಲ. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಗಂಡನ ಮುಖವನ್ನೇ ನೋಡುತ್ತ, ಕನ್ನಡದಲ್ಲಿ ಹೇಳಿದರು.

“ಅದು ನಂದಾತು. ನಿಮ್ಮದು ಹೇಳ್ರಿ.”

ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕ್ಯಾಲ್ಸಿಯಂ ಎಂದು ಡಾಕ್ಟರಿಗೆ ಸುಳ್ಳು ಹೇಳಿದವನು ನಾನು, ಎರಡು ಸಲ ಕೇಳಿದರೂ ಅದನ್ನೇ ಹೇಳಿದೆ, ಇವರ ದವಡೆ ಹೋದದ್ದು ನನ್ನಿಂದ, ಎಂದರು. ಧ್ವನಿ ತೀರಾ ಸಣ್ಣದಾಗಿತ್ತು. ಹಿಂದಿನವರಿಗೆ ಕೇಳಿಸಲಿಲ್ಲ ಎಂದು ವಸಂತಾಬಾಯಿ ಮತ್ತೊಮ್ಮೆ ಹೇಳಿಸಿದರು.