ದಂಡಿನ ಬಾವಿಯ ಬೀಗ

ನಾನು ಒಂದು ಬೀಗ. ಅನುಮಾನವೇ ನನ್ನ ಕುಲಕಸುಬು. ಬೆಂಗಳೂರು ಪೇಟೆಯ ಕಮ್ಮಾರ ವೀರಾಚಾರಿ ನನ್ನನ್ನು ಕಾಸಿ ಬಡಿದು ರೂಪ ಕೊಟ್ಟ ಮೇಲೆ, ಗಟ್ಟಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು ಎಳೆದೆಳೆದು ನೋಡಿದ. ಹುಟ್ಟಿಸಿದವನಿಗೇ ನನ್ನ ಮೇಲೆ ನಂಬಿಕೆಯಿಲ್ಲ ಅಂದಮೇಲೆ ನಾನು ಯಾರನ್ನು ನಂಬಲಿ, ಹೇಳಿ?

ಆಗ ಪೇಟೆಯ ಮೂಡಣ ಬಯಲಿಗೆ ಇಂಗ್ಲಿಷರ ದಂಡು ಬಂದಿಳಿದ ಹೊಸತು. ಡೇರೆಗಳು ಹೋಗಿ ಹೆಂಚಿನ ಮನೆಗಳು ಏಳುತ್ತಿದ್ದವು. ನನ್ನನ್ನು ಪೆಟ್ಟಿಗೆಗೋ ಬಾಗಿಲಿಗೋ ಹಾಕುತ್ತಾರೆ ಅಂದುಕೊಂಡಿದ್ದೆ. ಹವಾಲ್ದಾರ ಅಯ್ಯಾಸಾಮಿ ತಂದು ಬಾವಿಯ ಮರದ ಮುಚ್ಚಳಕ್ಕೆ ಜಡಿದ! ಅಯ್ಯೋ ಶಿವನೇ, ನೀರಿಗೂ ಬೀಗವೇ?

ಬಾವಿ ತಿಗಳರ ಅಕ್ಕಯ್ಯಮ್ಮನದು, ಅವಳ ಮಾವ ತೋಡಿದ್ದು. ಅದರ ನೀರಿದ್ದರೆ ಅವಳ ಸೊಪ್ಪಿನ ತೋಟ, ತೋಟವಿದ್ದರೆ ಅವಳ ಒಲೆ. ದಂಡಿನವರು ಗೆರೆ ಎಳೆದಾಗ ತೋಟ ಆಚೆ ಉಳಿಯಿತು, ಬಾವಿ ಒಳಕ್ಕೆ ಬಿತ್ತು. ಸಿಪಾಯಿಗಳು ಸೇದಿಕೊಂಡ ಮೇಲೆ ಸಂಜೆ ಅವಳ ಸರದಿ. ದಂಡಿನ ಇಂಗ್ಲಿಷ್ ದೊರೆಗೆ ವಿಷದ ಭಯ. ಅಯ್ಯಾಸಾಮಿ ಅವಳ ಬಿಂದಿಗೆಯನ್ನು ಮೂಸಿ ನೋಡಿಯೇ ನನ್ನನ್ನು ತೆಗೆಯುವನು.

"ಏನಯ್ಯಾ ಮೂಸ್ತೀಯ? ನಮ್ಮ ನೀರಿಗೆ ನಾವೇ ವಿಷ ಹಾಕ್ತೀವಾ?" ಎಂದು ಅವಳು ರೇಗುತ್ತಿದ್ದಳು. ಅವಳೇನು ಕಡಿಮೆಯೇ? ಮುಚ್ಚಿಟ್ಟು ಇವರು ಒಳಗೆ ಏನು ಬೆರೆಸಿದ್ದಾರೋ ಎಂದು ಮೊದಲ ಬಿಂದಿಗೆಯನ್ನು ಚೆಲ್ಲಿಬಿಡುತ್ತಿದ್ದಳು. ನನಗೋ ಇಬ್ಬರ ಮೇಲೂ ಗುಮಾನಿ.

ಬಿತ್ತನೆಗೆ ಮುಂಚೆ ಗಂಗಮ್ಮನಿಗೆ ಆರತಿ ಎತ್ತಿ, ಆ ಓಕುಳಿಯನ್ನು ಬಾವಿಗೆ ಬಿಡುವುದು ಅವಳ ಮನೆಯ ಪದ್ಧತಿ. ಅರಿಸಿನಕ್ಕೆ ಸುಣ್ಣ ಕಲಸಿದರೆ ನೀರು ಕೆಂಪಾಗುತ್ತದಲ್ಲ, ಅದೇ. ಬಿತ್ತನೆಯ ಬೆಳಿಗ್ಗೆ ಬಂದು ನೋಡಿದರೆ ಬೀಗ ಹಾಕಿದೆ. ಒಳ್ಳೆ ಗಳಿಗೆ ಮೀರುತ್ತದೆಂದು ಮುಚ್ಚಳದ ಮೇಲೆಯೇ ತಂಬಿಗೆ ಸುರಿದಳು. ನನಗೂ ಒಂದು ಕುಂಕುಮದ ಬೊಟ್ಟಿಟ್ಟಳು. ನನಗೆ ಎಷ್ಟು ಹಿತವಾಯಿತೆಂದರೆ, ಒಂದು ಕ್ಷಣ ಅನುಮಾನ ಪಡುವುದನ್ನೇ ಮರೆತೆ.

ಓಕುಳಿ ಹಲಗೆಯ ಸಂದಿಯಿಂದ ಒಳಗಿಳಿಯಿತು. ಸಿಪಾಯಿಗಳ ಮೊದಲ ಕೊಡ ಕೆಂಪಗೆ ಮೇಲೆ ಬಂತು. ದೊರೆ ಧಾವಿಸಿ ಬಂದ, ಬೆನ್ನಿಗೇ ದುಭಾಷಿ.

"ಅರಿಸ್ನ ಸುಣ್ಣ ಕಣ್ರಪ್ಪಾ, ಗಂಗಮ್ಮನ ಆರತಿ!" ಅಂದಳು ಇನ್ನೂ ಅಲ್ಲೇ ನಿಂತಿದ್ದ ಅಕ್ಕಯ್ಯಮ್ಮ. ಯಾರೂ ನಂಬಲಿಲ್ಲ. ಅವಳು ಆ ಕೊಡವನ್ನೇ ಎತ್ತಿ ಗಟಗಟ ಕುಡಿದಳು. "ಸತ್ನಾ ನಾನು? ಕೇಳು ನಿನ್ ದೊರೇನ!"

ದುಭಾಷಿ ಕೇಳಿದ. ದೊರೆಯ ಉತ್ತರವನ್ನು ತಲೆ ತಗ್ಗಿಸಿ ಹೇಳಿದ: "ನಿಧಾನವಾಗಿ ಕೊಲ್ಲೋ ವಿಷಾನೂ ಇರ್ತದಂತಮ್ಮ."

ಅವಳು ಸಾಯಲಿಲ್ಲವೆಂದು ಅವಳನ್ನು ಬಿಟ್ಟರು, ಬಾವಿಯನ್ನು ಬಿಡಲಿಲ್ಲ. ಗಾಡಿಗಟ್ಟಲೆ ಕಲ್ಲು ತಂದು ಸುರಿದರು. ಒಂದೊಂದು ಕಲ್ಲು ಬಿದ್ದಾಗಲೂ ಅವಳು ಎದೆ ಹಿಡಿದುಕೊಂಡು "ಅಮ್ಮಾ" ಎನ್ನುತ್ತಿದ್ದಳು. ನನಗೂ ಸಂಕಟವಾಯಿತು.

ಈಗ ನಾನು ದಂಡಿನ ಉಗ್ರಾಣದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಬಾಗಿಲಿನಾಚೆ ದಿನಾ ಅಕ್ಕಯ್ಯಮ್ಮ ಹಾದುಹೋಗುತ್ತಾಳೆ. ತೋಟ ಒಣಗಿದ ಮೇಲೆ ಹೊಟ್ಟೆಪಾಡಿಗೆ ಕೆರೆಯಿಂದ ದಂಡಿಗೆ ನೀರು ಹೊರುವ ಕೂಲಿ ಹಿಡಿದಿದ್ದಾಳೆ. ದೊರೆಯ ಅಡುಗೆಮನೆಯ ಗಡಿಗೆಯನ್ನೂ ಅವಳೇ ತುಂಬುವುದು. ಅವಳ ಮುಖ ಅಲ್ಲಿ ಯಾರಿಗೂ ನೆನಪಿಲ್ಲ. ಸ್ವಂತ ಬಾವಿಯಿದ್ದಾಗ ಅವಳು ವಿಷ ಹಾಕುವವಳಾಗಿದ್ದಳು. ಈಗ ಅವಳು ಹೊತ್ತು ತಂದ ನೀರನ್ನು ದೊರೆ ನೆಮ್ಮದಿಯಿಂದ ಕುಡಿಯುತ್ತಾನೆ.