ಮೀನಿನ ಕಾಲೇಜಿಗೆ ಒಂದು ಅರ್ಜಿ

ಪ್ಲಸ್ ಟು ಫಲಿತಾಂಶ ಬಂದ ಮರುದಿನವೇ ಸತ್ಯಾತ್ಮ ಊಟದ ಮೇಜನ್ನು ಆಫೀಸು ಮಾಡಿಕೊಂಡ. ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವನು ಅವನು. ಜನ ತುಂಬಿಕೊಂಡು ಬರುವ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದೇ ಅವನ ದಿನದ ಕೆಲಸ. ತನ್ನ ಒಬ್ಬಳೇ ಮಗಳು ಸಂಹಿತಾಳ ಅರ್ಜಿಯಲ್ಲಿ ಅಂಥದ್ದೊಂದೂ ಇರಕೂಡದೆಂದು ಎಂಜಿನಿಯರಿಂಗ್ ಕಾಲೇಜುಗಳ ದೊಡ್ಡ ಪಟ್ಟಿ ಮಾಡಿದ. ಐದು ವರ್ಷದ ಕಟ್ಆಫ್, ಪೋರೂರಿನ ತಮ್ಮ ಮನೆಯಿಂದ ಎಷ್ಟು ದೂರ, ಎಲ್ಲಿ ಬಸ್ಸು ಬದಲಿಸಬೇಕು ಎಂಬುದನ್ನೆಲ್ಲ ಮೂರು ಬಣ್ಣದ ಪೆನ್ನಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಸಂಹಿತಾ ಅದನ್ನು ಒಂದು ಸಲ ಓದಿ, ಸರಿ ಅಂದಳು. ಕಂಪ್ಯೂಟರ್ ಸೈನ್ಸ್ ಮೇಲಿರಲೋ ಎಲೆಕ್ಟ್ರಾನಿಕ್ಸ್ ಮೇಲಿರಲೋ ಎಂದು ಕೇಳಿದರೆ, ಯಾವುದಾದರೂ ಸರಿ ಅಂದಳು. ನಾಲ್ಕನೆಯ ಸಂಜೆ ಸತ್ಯಾತ್ಮನಿಗೆ ತಾಳ್ಮೆ ತಪ್ಪಿತು. ಓದುವುದು ನೀನೋ ನಾನೋ ಎಂದು ದನಿಯೆತ್ತಿ ಕೇಳಿದ. ಅವಳು ತಟ್ಟೆಯಲ್ಲಿದ್ದ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಅದೇ ಹೊತ್ತಿಗೆ ಎದುರು ಮನೆಯಲ್ಲೂ ಬಾಗಿಲು ದಡಾರೆಂದು ಬಡಿದುಕೊಂಡಿತು. ಅಲ್ಲಿದ್ದವಳು ಸುಮತಿ, ಕಾರವಾರದ ಕಡೆಯವಳು, ಬ್ಯಾಂಕಿನಲ್ಲಿ ಆಫೀಸರು. ಗಂಡ ರೈಲ್ವೆಯಲ್ಲಿ; ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳ ಮಗ ಮನೀಶನೂ ಸಂಹಿತಾಳ ಜೊತೆಯವನೇ, ಅವನದೂ ಪ್ಲಸ್ ಟು ಮುಗಿದಿತ್ತು. ಸತ್ಯಾತ್ಮನ ಹೆಂಡತಿ ಮಾಧವಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಕೆಲಸ ಮುಗಿಸಿಕೊಂಡು ಮೆಟ್ಟಿಲು ಹತ್ತಿ ಬಂದಾಗ, ಮಕ್ಕಳಿಬ್ಬರೂ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಒಂದು ಕಡೆ ಗಂಡ ಗೊಣಗುವುದೂ ಇನ್ನೊಂದು ಕಡೆ ಸುಮತಿ ಫೋನಿನಲ್ಲಿ ಗಂಡನಿಗೆ ದೂರು ಹೇಳುವುದೂ ಅವಳಿಗೆ ಒಟ್ಟಿಗೇ ಕೇಳಿಸಿತು.

ಮಾಧವಿ ಚಪ್ಪಲಿ ಕೂಡ ಬಿಡಲಿಲ್ಲ. ಗಂಡನನ್ನೂ ಸುಮತಿಯನ್ನೂ ಬಾಗಿಲಿಗೆ ಕರೆದು ಹೇಳಿದಳು: "ನಾಳೆಯಿಂದ ಮನೀಶ್ ನಮ್ಮನೆಗೆ ಬರಲಿ. ಸಂಹಿತಾ ನಿಮ್ಮನೆಗೆ ಬರ್ತಾಳೆ ಸುಮತಿ. ಸ್ವಂತ ಮಕ್ಕಳ ಹತ್ರ ಯಾರಿಗೂ ತಾಳ್ಮೆ ಇರಲ್ಲ. ಬೇರೆಯವರ ಮಕ್ಕಳಿಗಾದ್ರೆ ಬೈಯೋಕೆ ನಾಚಿಕೆ ಆಗತ್ತೆ."

ಮಾತು ತಮಾಷೆಯಂತೆ ಕೇಳಿಸಿದರೂ ಮರುದಿನ ಸಂಜೆ ಏಳು ಗಂಟೆಗೆ ಮನೀಶ್ ಲ್ಯಾಪ್‌ಟಾಪ್ ಹಿಡಿದು ಬಂದ. ಸತ್ಯಾತ್ಮ ಅವನನ್ನು ಕೂರಿಸಿ, ಕಾಫಿ ಕೊಡಿಸಿ, ಏನು ಓದಬೇಕಪ್ಪಾ ಎಂದು ಕೇಳಿದ. ಬಿ.ಕಾಂ. ಎಂದ ಹುಡುಗ. ಅಮ್ಮನಿಗೂ ಬಿ.ಕಾಂ.ನೇ ಬೇಕಂತೆ. ಹಾಗಾದರೆ ಜಗಳ ಯಾತಕ್ಕೆ ಎಂದರೆ, ಅಮ್ಮ ದಿನಕ್ಕೆ ಹತ್ತು ಸಲ ನೆನಪಿಸುವುದಕ್ಕೆ ಎಂದು ತಮಿಳಿನಲ್ಲಿ ಹೇಳಿ ನಕ್ಕ. ನಾಲ್ಕೇ ದಿನದಲ್ಲಿ ಅವನ ಮೂರು ಅರ್ಜಿಗಳೂ ಮುಗಿದವು. ಅಷ್ಟೂ ದಿನ ತಾನು ಒಂದು ಸಲವೂ ದನಿಯೆತ್ತಲಿಲ್ಲ ಎಂಬುದು ಸತ್ಯಾತ್ಮನಿಗೇ ಆಶ್ಚರ್ಯವಾಗಿತ್ತು.

ಎದುರು ಮನೆಯಲ್ಲಿ ಕೆಲಸ ಅಷ್ಟು ಸಲೀಸಾಗಿ ಸಾಗಲಿಲ್ಲ. ಸಂಹಿತಾ ಅಪ್ಪನ ಪಟ್ಟಿಯನ್ನೇ ತಂದು ಮುಂದಿಟ್ಟಿದ್ದಳು. ಸುಮತಿ ಎರಡು ದಿನ ಅದನ್ನೇ ನೋಡಿದಳು. ಮೂರನೆಯ ದಿನ ಪಟ್ಟಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಬ್ಯಾಂಕಿಗೆ ಬಂದವರನ್ನು ಕೇಳುವ ಹಾಗೆ, ಇದನ್ನು ಓದಿ ನೀನು ಏನು ಮಾಡಬೇಕು ಅಂದುಕೊಂಡಿದ್ದಿ ಎಂದು ಕೇಳಿದಳು. ಹುಡುಗಿ ಫೋನು ತೆಗೆದು ಮೇಜಿನ ಮೇಲೆ ಇಟ್ಟಳು.

ಅದರ ತುಂಬಾ ಮೀನುಗಳಿದ್ದವು. ಬಲೆಯಲ್ಲಿ ಸಿಕ್ಕವು, ಮರಳಿನ ಮೇಲೆ ಬಿದ್ದವು, ಬುಟ್ಟಿಯಲ್ಲಿದ್ದವು. ಒಂದೊಂದರ ಕೆಳಗೂ ತಮಿಳಿನ ಹೆಸರು, ಶಾಸ್ತ್ರದ ಹೆಸರು, ತಾರೀಕು. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಕಡಲ ದಡದ ಬೆಸೆಂಟ್ ನಗರಕ್ಕೆ ಹಾಡಿನ ಪಾಠಕ್ಕೆ ಹೋಗುತ್ತಿದ್ದಳು. ಒಂಬತ್ತನೆಯ ಕ್ಲಾಸಿನಿಂದಲೂ ಒಂದು ಗಂಟೆ ಮುಂಚೆಯೇ ಹೋಗಿ, ದೋಣಿಗಳು ದಡ ಸೇರುವಲ್ಲಿ ನಿಲ್ಲುತ್ತಿದ್ದಳಂತೆ. ಸಿಕ್ಕಿದ ಮೀನು ಯಾವುದು, ಎಷ್ಟು ಆಳದಲ್ಲಿ ಸಿಗುತ್ತದೆ, ಹೋದ ವರ್ಷಕ್ಕಿಂತ ಈ ವರ್ಷ ಯಾಕೆ ಕಮ್ಮಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳಂತೆ. ಮೀನುಗಾರಿಕೆ ವಿಜ್ಞಾನ ಅಂತ ನಾಲ್ಕು ವರ್ಷದ ಪದವಿ ಇದೆ, ಅದನ್ನೇ ಓದಬೇಕು, ಅರ್ಜಿ ಹಾಕಲು ಇನ್ನು ಎಂಟೇ ದಿನ ಉಳಿದಿದೆ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದಳು.

ಸುಮತಿಗೆ ನಗುವೂ ಬಂತು, ಕನಿಕರವೂ ಆಯಿತು. ಎದುರು ಮನೆಯದು ಮಡಿ ಮೈಲಿಗೆಯ ಮನೆ. ಸತ್ಯಾತ್ಮನ ತಾಯಿ ಜಾನಕಮ್ಮ ಈರುಳ್ಳಿಯನ್ನೂ ಮುಟ್ಟದವರು. ಅವರಿಗೆ ತೊಂದರೆಯಾಗಬಾರದೆಂದು ಸುಮತಿ ಹನ್ನೊಂದು ವರ್ಷದಿಂದ ಕಿಟಕಿ ಮುಚ್ಚಿಕೊಂಡೇ ಬಂಗುಡೆ ಹುರಿಯುತ್ತಿದ್ದಳು. ಆ ಮನೆಯ ಹುಡುಗಿ ಈಗ ತನಗೇ ಗೊತ್ತಿಲ್ಲದ ಮೀನುಗಳ ಹೆಸರು ಹೇಳುತ್ತಿದ್ದಳು.

ನೀವೇ ಅಪ್ಪನಿಗೆ ಹೇಳಿ ಆಂಟಿ ಎಂದು ಸಂಹಿತಾ ಬೇಡಿಕೊಂಡಳು. ಸುಮತಿ ಒಪ್ಪಲಿಲ್ಲ.

"ಹೇಳೂದು ನೀನೇ. ನಾನು ಪಕ್ಕದಲ್ಲಿ ಕೂತಿರ್ತೆ. ನಡುವೆ ಎದ್ದು ಹೋಗೂದಿಲ್ಲ."

ಹಾಗೆಯೇ ಆಯಿತು. ಜಾನಕಮ್ಮ ಪಾರಾಯಣಕ್ಕೆ ಹೋಗಿದ್ದ ಸಂಜೆ ಸಂಹಿತಾ ಅಪ್ಪ ಅಮ್ಮನ ಮುಂದೆ ಕೂತು ಹೇಳಿದಳು. ಅರ್ಧ ತಮಿಳು, ಅರ್ಧ ಇಂಗ್ಲಿಷು, ಉಳಿದದ್ದು ಕನ್ನಡ. ಮಾಧವಿ ತಕ್ಷಣ ಮಗಳ ಕೈ ಹಿಡಿದುಕೊಂಡಳು. ಭಾನುವಾರ ಮಗಳು ಬೇಗನೆ ಏಳುತ್ತಿದ್ದದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಸತ್ಯಾತ್ಮ ಬೈಯಲಿಲ್ಲ. ಕೆಲಸ ಸಿಗುತ್ತದೆಯೇ ಎಂದು ಕೇಳಿದ. ಅವಳ ಹತ್ತಿರ ಉತ್ತರವಿತ್ತು: ಮೀನಿನ ಮರಿ ಸಾಕುವ ಕೇಂದ್ರಗಳು, ಸಂಶೋಧನೆ, ಸರ್ಕಾರಿ ಇಲಾಖೆ, ಬ್ಯಾಂಕುಗಳೂ ತೆಗೆದುಕೊಳ್ಳುತ್ತವೆ. ಸುಮತಿ ಹೌದೆಂದು ತಲೆಯಾಡಿಸಿದಳು. ಕೊನೆಗೆ ಅವನು, ಬೀಚಿನಲ್ಲಿ ಫೋಟೋ ತೆಗೆಯುವುದು ಬೇರೆ, ದಿನವೂ ಅದರ ನಡುವೆ ನಿಲ್ಲುವುದು ಬೇರೆ, ನಿನ್ನಿಂದ ಆಗುತ್ತದೆಯೋ ಇಲ್ಲವೋ ನನ್ನ ಕಣ್ಣಾರೆ ನೋಡಬೇಕು ಎಂದ.

ಹೀಗೆ ಆ ಭಾನುವಾರ ಬೆಳಕು ಹರಿಯುವ ಮೊದಲು ಸುಮತಿಯ ಕಾರು ಕಾಸಿಮೇಡಿನ ಮೀನು ಬಂದರಿನ ಕಡೆ ಹೊರಟಿತು. ಸುಮತಿಗೂ ಖುಷಿಯೇ, ವಾರಕ್ಕಾಗುವಷ್ಟು ಮೀನು ತರಬಹುದಿತ್ತು. ಸತ್ಯಾತ್ಮ ಕರ್ಪೂರ ಕಟ್ಟಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ.

ಬಂದರಿನಲ್ಲಿ ನೆಲವೆಲ್ಲ ನೀರು, ಐಸು. ಒಂದರ ಪಕ್ಕ ಒಂದು ನಿಂತ ದೋಣಿಗಳಿಂದ ಬುಟ್ಟಿಗಳು ಇಳಿಯುತ್ತಿದ್ದವು. ಒಂದೊಂದು ರಾಶಿಯ ಸುತ್ತಲೂ ಹರಾಜು ಕೂಗುವವರು, ಕೊಳ್ಳುವವರು. ಸತ್ಯಾತ್ಮ ಎರಡು ಸಲ ಜಾರಿ ಸುಮತಿಯ ಚೀಲ ಹಿಡಿದು ನಿಂತ. ಮಗಳನ್ನು ವಾಪಸು ಕರೆಯೋಣವೆಂದು ನೋಡಿದರೆ ಅವಳು ಆಗಲೇ ಹತ್ತು ಮಾರು ಮುಂದೆ, ಚೂಡಿದಾರದ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿಕೊಂಡು ಒಂದು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಆ ರಾಶಿ ಸಾಕಮ್ಮ ಎಂಬಾಕೆಯದು. ಮೂವತ್ತು ವರ್ಷದಿಂದ ಅಲ್ಲೇ ಹರಾಜು ಕೂಗುತ್ತಿದ್ದ ತೆಲುಗಿನ ಹೆಂಗಸು. ಗಂಟಲು ಒಡೆದಿತ್ತು, ಕಣ್ಣು ಚುರುಕಾಗಿತ್ತು. ಕೊಳ್ಳುವವನೊಬ್ಬ ಎರಡು ಮೀನು ಎತ್ತಿ ಹಿಡಿದು ಎರಡೂ ವಂಜಿರವೇ, ಅಂದರೆ ಅಂಜಲ್ ಮೀನೇ, ಎಂದು ವಾದಿಸುತ್ತಿದ್ದ. ಸಂಹಿತಾ ಮೆಲ್ಲಗೆ ತಮಿಳಿನಲ್ಲಿ ಅಲ್ಲವೆಂದಳು. ಇದರ ಮೈಮೇಲೆ ಅಡ್ಡಪಟ್ಟೆ ಇದೆ, ಅದರ ಮೇಲೆ ಚುಕ್ಕೆ. ಎರಡೂ ಹತ್ತಿರದ ನೆಂಟರು, ಒಂದೇ ಅಲ್ಲ. ಪಟ್ಟೆಯದಿನ್ನೂ ಮರಿ, ಒಂದು ಸಲವೂ ಮೊಟ್ಟೆ ಇಟ್ಟಿಲ್ಲ, ಇದನ್ನು ಹಿಡಿಯಬಾರದಿತ್ತು.

ಸಾಕಮ್ಮ ಹರಾಜು ನಿಲ್ಲಿಸಿ ಹುಡುಗಿಯನ್ನು ನೋಡಿದಳು. ಬುಟ್ಟಿಯಿಂದ ಇನ್ನೊಂದು ಮೀನು ತೆಗೆದು ಇದೇನು ಎಂದು ಕೇಳಿದಳು. ಸಂಹಿತಾ ಹೇಳಿದಳು. ಮತ್ತೊಂದು. ಅದನ್ನೂ ಹೇಳಿದಳು. ಐದನೆಯದು ಗೊತ್ತಾಗಲಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಂಡು, ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡುತ್ತಾ ಸಾಕಮ್ಮನನ್ನೇ ಕೇಳತೊಡಗಿದಳು. ಅವರಿಬ್ಬರ ಮಾತು ಎಷ್ಟು ಬೆಳೆಯಿತೆಂದರೆ ಕೊಳ್ಳುವವರು ಗೊಣಗಿಕೊಂಡು ಪಕ್ಕದ ರಾಶಿಗೆ ಹೋದರು.

ಸತ್ಯಾತ್ಮ ದೂರದಿಂದ ಕೇಳುತ್ತಾ ನಿಂತಿದ್ದ. ಮನೆಯಲ್ಲಿ ಯಾವುದಾದರೂ ಸರಿ ಎನ್ನುತ್ತಿದ್ದ ಹುಡುಗಿಯ ದನಿ ಇದೇನಾ ಎನ್ನಿಸಿತು ಅವನಿಗೆ. ಆ ಗದ್ದಲದಲ್ಲೂ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವಳು ನಗುತ್ತಿದ್ದಳು, ವಾದಿಸುತ್ತಿದ್ದಳು, ಒದ್ದೆ ಕೈಯಿಂದಲೇ ಕೂದಲು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಅವನ ಕರವಸ್ತ್ರ ಎಲ್ಲೋ ಬಿದ್ದುಹೋಗಿತ್ತು. ಬಿದ್ದದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಸಾಕಮ್ಮ ಅವನನ್ನು ಹತ್ತಿರ ಕರೆದು, ನಿಮ್ಮ ಮಗಳಾ ಎಂದಳು. ಹೌದೆಂದ. ಇದನ್ನೇ ಓದಬೇಕು ಅಂತಾಳೆ, ಏನು ಮಾಡಲಿ ಎಂದು ಅವನ ಬಾಯಿಂದ ತಾನಾಗಿಯೇ ಬಂತು.

"ಓದಿಸಿ ಸಾರ್," ಅಂದಳು ಸಾಕಮ್ಮ. "ಆಫೀಸಿನೋರು ತುಂಬಾ ಜನ ಬರ್ತಾರೆ ಇಲ್ಲಿಗೆ. ಕೆಳಗೆ ಕೂತು ನನ್ನನ್ನು ಕೇಳಿದೋರು ಯಾರೂ ಇಲ್ಲ. ವಾಸನೆಗೆ ಹೆದರಬೇಡಿ, ಅದು ಸೋಪಿಗೆ ಹೋಗತ್ತೆ."

ವಾಪಸು ಬರುವಾಗ, ಕಾರು ಅಣ್ಣಾ ನಗರ ದಾಟಿದ ಮೇಲೆ, ಅರ್ಜಿಗೆ ಏನೇನು ಕಾಗದ ಬೇಕು ಎಂದು ಸತ್ಯಾತ್ಮ ಕೇಳಿದ. ಸಂಹಿತಾ ಕಿಟಕಿಯ ಕಡೆ ತಿರುಗಿ ಅತ್ತಳು, ಅತ್ತುಕೊಂಡೇ ಪಟ್ಟಿ ಹೇಳಿದಳು.

ಉಳಿದದ್ದು ಜಾನಕಮ್ಮ. ತಾಯಿಗೆ ಹೇಗೆ ಹೇಳಬೇಕೆಂದು ಸತ್ಯಾತ್ಮ ಎರಡು ದಿನ ತಯಾರಿ ನಡೆಸಿದ. ಮೂರನೆಯ ಬೆಳಿಗ್ಗೆ ಅವರು ತುಳಸಿಗೆ ನೀರು ಹಾಕಿ ಬಂದ ಹೊತ್ತಿಗೆ, ಅಮ್ಮಾ, ಭಗವಂತನ ಮೊದಲನೇ ಅವತಾರವೇ ಮತ್ಸ್ಯ ಅಲ್ಲವೇ ಎಂದು ಶುರುಮಾಡಿದ.

"ದೇವರನ್ನ ಯಾಕೆ ನಡುವೆ ತರ್ತೀಯ ಸತ್ಯಾ," ಅಂದರು ಜಾನಕಮ್ಮ. "ಕೂಸಿಗೆ ಮೀನಿನ ಓದು ಬೇಕು ಅಂತ ನೇರವಾಗಿ ಹೇಳು. ಭಾನುವಾರದ ಅವಳ ಬಟ್ಟೆ ನೆನೆಸೋಳು ನಾನು. ಮೂರು ವರ್ಷದಿಂದ ಮರಳು ಜಾಡಿಸ್ತಾ ಇದೀನಿ, ಮೀನಿನ ಹುರುಪೆ ಕೀಳ್ತಾ ಇದೀನಿ. ಅವಳಾಗಿ ಬಂದು ಹೇಳಲಿ ಅಂತ ಸುಮ್ಮನಿದ್ದೆ."

ಒಳಗಿನಿಂದ ಮಾಧವಿ ನಗುವುದು ಕೇಳಿಸಿತು. ಜಾನಕಮ್ಮ ಒಂದೇ ಒಂದು ಕರಾರು ಹಾಕಿದರು: ಮನೆಗೆ ಬಂದರೆ ಮೊದಲು ಸ್ನಾನ, ಆಮೇಲೆ ಅಡುಗೆಮನೆ. ಅದು ಈಗಲೂ ಹಾಗೇ ಅಲ್ಲವಾ ಅಜ್ಜಿ ಎಂದು ಬಾಗಿಲ ಸಂದಿಯಲ್ಲಿ ನಿಂತಿದ್ದ ಸಂಹಿತಾ ಹೇಳಿ, ಓಡಿಬಂದು ಅವರನ್ನು ತಬ್ಬಿಕೊಂಡಳು. ಮಡಿಯಲ್ಲಿದ್ದ ಅಜ್ಜಿ ಬೈಯುತ್ತಾ ಇನ್ನೊಂದು ಸಲ ಸ್ನಾನಕ್ಕೆ ಹೋದರು.

ಆ ಸಂಜೆ ಎರಡೂ ಮನೆಯವರು ಲ್ಯಾಪ್‌ಟಾಪಿನ ಸುತ್ತ ಸೇರಿದರು. ಸತ್ಯಾತ್ಮ ಒಂದೊಂದು ಅಕ್ಷರವನ್ನೂ ಎರಡೆರಡು ಸಲ ನೋಡಿ ತುಂಬಿಸಿದ. ಇನ್ನೇನು ಕೊನೆಯ ಬಟನ್ ಒತ್ತಬೇಕು, ಅಷ್ಟರಲ್ಲಿ ಮನೀಶ್ ಅವನ ಕೈ ಹಿಡಿದು ಫೋಟೋ ತೋರಿಸಿದ. ಅಭ್ಯರ್ಥಿಯ ಜಾಗದಲ್ಲಿ ಕನ್ನಡಕ ಹಾಕಿಕೊಂಡು ಗಂಭೀರವಾಗಿ ನೋಡುತ್ತಿದ್ದವನು ಸತ್ಯಾತ್ಮನೇ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನೂ ಅವನೇ.

ಜುಲೈನಲ್ಲಿ ರ್‍ಯಾಂಕ್ ಪಟ್ಟಿ ಬಂತು. ಸಂಹಿತಾ ಒಳ್ಳೆಯ ಜಾಗದಲ್ಲೇ ಇದ್ದಳು. ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಬರೆಯಬೇಕಿತ್ತು. ಪೊನ್ನೇರಿಯ ಕಾಲೇಜು ಹತ್ತಿರ, ವಾರ ವಾರ ಮನೆಗೆ ಬರಬಹುದು ಎಂಬ ಮಾತು ಸತ್ಯಾತ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಕುರ್ಚಿಯಿಂದ ಎದ್ದು ಮಗಳನ್ನು ಕೂರಿಸಿದ. ಅವಳು ದೂರದ ತೂತ್ತುಕುಡಿಯನ್ನು ಮೊದಲು ಬರೆದಳು. ಅಲ್ಲಿ ಹವಳದ ದಿಬ್ಬಗಳಿವೆ ಅಪ್ಪಾ ಎಂದಳು.

ಸೀಟು ಸಿಕ್ಕಿದ ಸುದ್ದಿ ಅವನ ಫೋನಿಗೆ ಬಂದದ್ದು ಬುಧವಾರ ಹನ್ನೊಂದು ಗಂಟೆಗೆ. ಅವನ ಮುಂದೆ ಒಬ್ಬರು ಅರ್ಜಿ ಹಿಡಿದು ಕೂತಿದ್ದರು. ಅವನು ಎದ್ದು, ನನ್ನ ಮಗಳಿಗೆ ತೂತ್ತುಕುಡಿಯಲ್ಲಿ ಸೀಟು ಸಿಕ್ಕಿತು ಎಂದು ಆ ಅಪರಿಚಿತರಿಗೇ ಮೊದಲು ಹೇಳಿದ. ಅವರು ಎದ್ದು ಕೈ ಕುಲುಕಿದರು. ರಜೆಯ ಚೀಟಿ ಕೂಡ ಕೊಡದೆ ಅವನು ಮನೆಗೆ ಬಂದ. ಸಂಹಿತಾ ಮನೀಶನ ಜೊತೆ ಜೆರಾಕ್ಸ್ ಮಾಡಿಸಲು ಹೋಗಿದ್ದಳು; ಫೋನು ಮನೆಯಲ್ಲೇ ಇತ್ತು. ಸತ್ಯಾತ್ಮ ಬಿಸಿಲಿನಲ್ಲಿ ಗೇಟಿನ ಹತ್ತಿರವೇ ಕಾದು ನಿಂತ. ಅವಳು ಬಂದಾಗ ಫೋನನ್ನು ಮುಂದೆ ಹಿಡಿದ. ಅವಳು ಓದಿ, ಜೆರಾಕ್ಸ್ ಕಾಗದಗಳನ್ನು ಬೀಳಿಸಿ ಅಪ್ಪನನ್ನು ಅಪ್ಪಿಕೊಂಡಳು. ಮನೀಶ್ ರಸ್ತೆಯ ತುಂಬ ಓಡಾಡಿ ಕಾಗದ ಆರಿಸಿದ. ಮಧ್ಯಾಹ್ನ ಜಾನಕಮ್ಮ ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿ ಎದುರು ಮನೆಗೆ ತಾವೇ ಕೊಂಡುಹೋದರು, ಇನ್ನು ಮೇಲೆ ಕಿಟಕಿ ತೆಗೆದೇ ಅಡುಗೆ ಮಾಡಮ್ಮ ಎಂದು ಸುಮತಿಗೆ ಹೇಳಿ ಬಂದರು.

ಹಾಸ್ಟೆಲಿಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಮೊಣಕಾಲು ಮುಟ್ಟುವ ರಬ್ಬರ್ ಬೂಟು ಇತ್ತು. ಅಪ್ಪ ಮಗಳು ಪ್ಯಾರೀಸ್ ಕಾರ್ನರಿನ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದರು. ಎಲ್ಲೆಲ್ಲೂ ಗಂಡಸರ ಅಳತೆಯವೇ. ಐದನೆಯ ಅಂಗಡಿಯವನು ಅಟ್ಟದಿಂದ ಒಂದು ಜೊತೆ ಹಳದಿ ಬೂಟು ಇಳಿಸಿದ. ಸಂಹಿತಾ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ಧಪ ಧಪ ನಡೆದಳು. ತೋಟದ ಕೆಲಸಕ್ಕಾ ಸಾರ್ ಎಂದು ಅಂಗಡಿಯವನು ಕೇಳಿದ.

"ಅಲ್ಲ," ಅಂದ ಸತ್ಯಾತ್ಮ, ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ. "ನನ್ನ ಮಗಳು ಮೀನಿನ ಕಾಲೇಜಿಗೆ ಹೋಗ್ತಾ ಇದಾಳೆ."